ಕಚೇರಿ ಮುಗಿದ ಮೇಲಿನ ಚರಿತ್ರೆ

ರಾಕ್ ಮತ್ತು ಅದರ ಬಿರುಸಿನ ಕವಲಾದ ಮೆಟಲ್ ಸಂಗೀತಕ್ಕೆ ಕರ್ನಾಟಕದಲ್ಲಿ ಅಕಾಡೆಮಿಯಿಲ್ಲ, ಸರ್ಕಾರದ ಜೂನಿಯರ್, ಸೀನಿಯರ್ ಪರೀಕ್ಷೆಗಳಿಲ್ಲ. ಆದರೂ ಅದಕ್ಕೆ ಹಲವು ದಶಕಗಳ ಚರಿತ್ರೆಯಿದ್ದು, ಆ ಚರಿತ್ರೆಯನ್ನು ಕಾಪಾಡಿಕೊಂಡು ಬಂದವರು ಬಹುಮಟ್ಟಿಗೆ ಕೇಳುಗರೇ. ಯಾವ ತಂಡದಲ್ಲಿ ಯಾವಾಗ ಯಾರು ಗಿಟಾರ್ ಹಿಡಿದಿದ್ದರು, ಯಾವ ಆಲ್ಬಮ್ಮಿನ ಹೊತ್ತಿಗೆ ಡ್ರಮ್ಮರ್ ಬದಲಾದ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಯಾವ ಹಾಡಿನಿಂದ ಕಚೇರಿ ಶುರುವಾಯಿತು ಎಂಬಂಥ ವಿವರಗಳನ್ನು ಅವರು ಒಬ್ಬರಿಗೊಬ್ಬರು ಹೇಳಿಕೊಂಡು, ತಿದ್ದಿಕೊಂಡು, ಜಗಳವಾಡಿ ಉಳಿಸಿಕೊಂಡಿದ್ದಾರೆ. ಈ ರಸಿಕ ಪರಂಪರೆಯನ್ನು ಶಿವಮೊಗ್ಗ ಮತ್ತು ಭದ್ರಾವತಿಗಳ ಕಡೆಯಿಂದ ನೋಡುವುದು ವಿಚಿತ್ರವೆನಿಸಬಹುದು, ಏಕೆಂದರೆ ದೊಡ್ಡ ಕಚೇರಿಗಳೆಲ್ಲ ನಡೆದದ್ದು ಸುಮಾರು 300 ಕಿ.ಮೀ. ಆಚೆಯ ರಾಜಧಾನಿಯಲ್ಲಿ, ಆದರೆ ಕೇಳಿದ್ದನ್ನು ನೆನಪಿಟ್ಟುಕೊಂಡು ವಾದಿಸುವ ಅಭ್ಯಾಸ ಮಲೆನಾಡಿಗೆ ಹೊಸದಲ್ಲ, ಗಿಟಾರ್ ಬರುವ ಮೊದಲೇ ಅದು ಇಲ್ಲಿ ಬೇರೂರಿತ್ತು.

ಮೊದಲು ಈ ಸಂಗೀತದ ಕಟ್ಟೋಣವನ್ನು ತಿಳಿಯಬೇಕು. ರಾಕ್ ತಂಡವೆಂದರೆ ಒಂದೆರಡು ವಿದ್ಯುತ್ ಗಿಟಾರ್, ಮಂದ್ರಸ್ವರಗಳ ಹೊಣೆ ಹೊರುವ ಬೇಸ್ ಗಿಟಾರ್, ಡ್ರಮ್ಸ್ ಮತ್ತು ಒಂದು ಕಂಠ. ಮೆಟಲ್ಲಿಗೆ ಅದರ ಚಹರೆಯನ್ನು ಕೊಡುವುದು ‘ಡಿಸ್ಟಾರ್ಷನ್’: ಗಿಟಾರಿನಿಂದ ಬಂದ ಸಂಕೇತವನ್ನು ಆಂಪ್ಲಿಫೈಯರ್ ತಾಳಬಲ್ಲ ಮಿತಿಯಾಚೆಗೆ ಹಿಗ್ಗಿಸಿದಾಗ ಅಲೆಯ ನೆತ್ತಿ ಕತ್ತರಿಸಿಹೋಗಿ, ಮೂಲಸ್ವರದ ಜೊತೆಗೆ ಹಲವು ಉಪಸ್ವರಗಳು ಹುಟ್ಟಿ, ನಾದವು ಒರಟಾಗಿಯೂ ದೀರ್ಘವಾಗಿಯೂ ಕೇಳುತ್ತದೆ. ಹೀಗೆ ಒರಟಾದ ನಾದದಲ್ಲಿ ಮೂರು ಸ್ವರಗಳ ಪೂರ್ಣ ಕಾರ್ಡ್ ನುಡಿಸಿದರೆ ಉಪಸ್ವರಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುವುದರಿಂದ, ವಾದಕರು ಗಾಂಧಾರವನ್ನು ಕೈಬಿಟ್ಟು ಷಡ್ಜ, ಪಂಚಮಗಳನ್ನು ಮಾತ್ರ ಒಟ್ಟಿಗೆ ಮೀಟುತ್ತಾರೆ. ‘ಪವರ್ ಕಾರ್ಡ್’ ಎಂದು ಹೆಸರಾದ ಇದು ತಂಬೂರಿಯ ಶ್ರುತಿಯಲ್ಲಿ ನಿತ್ಯ ಕೇಳುವ ಜೋಡಿಯೇ ಆಗಿದ್ದು, 3:2ರ ಸರಳ ಅನುಪಾತದ ಬಲದಿಂದ ಎಷ್ಟೇ ಅಬ್ಬರದಲ್ಲೂ ಸ್ಪಷ್ಟವಾಗಿ ನಿಲ್ಲುತ್ತದೆ. ಇಂಥ ಜೋಡಿಗಳಿಂದ ಕಟ್ಟಿದ, ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಚಿಕ್ಕ ಸ್ವರಗುಚ್ಛಕ್ಕೆ ‘ರಿಫ್’ ಎಂದು ಹೆಸರು. ಭಾವಗೀತೆಯನ್ನು ಕೇಳಿ ಬಂದವರು ಪಲ್ಲವಿಯನ್ನು ಗುನುಗಿದರೆ ಮೆಟಲ್ ಕೇಳಿ ಬಂದವರು ರಿಫ್ಫನ್ನು ಗುನುಗುತ್ತಾರೆ, ಸಾಹಿತ್ಯದ ಅರ್ಥ ಆಮೇಲಿನದು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರಿಗೂ ಈ ಇಂಗ್ಲಿಷ್ ಹಾಡುಗಳು ಒಲಿದದ್ದಕ್ಕೆ ಇದೂ ಒಂದು ಕಾರಣ.

ಈ ನಾದ ಹುಟ್ಟಿದ್ದು ಕಾರ್ಖಾನೆಗಳ ಊರಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಭಾಗದ ನಾಲ್ವರು ಯುವಕರು 1968ರಲ್ಲಿ ಕಟ್ಟಿದ ತಂಡ ಮುಂದೆ ಬ್ಲ್ಯಾಕ್ ಸಬ್ಬತ್ ಎಂದು ಹೆಸರಾಗಿ, 1970ರ ಫೆಬ್ರವರಿ 13ರಂದು ಮೊದಲ ಆಲ್ಬಮ್ ಹೊರತಂದಿತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿಯನ್ನು ಕೊಟ್ಟಿದ್ದರು. ಎಡಚರಾದ ಅವರಿಗೆ ತಂತಿ ಒತ್ತುವ ಕೈ ಅದೇ ಆಗಿತ್ತು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಅದರ ಮೇಲೆ ತೊಗಲು ಹೊದಿಸಿ, ತೆಳುವಾದ ತಂತಿಗಳನ್ನು ಬಿಗಿದು ಅವರು ವಾದನವನ್ನು ಮುಂದುವರಿಸಿದರು. 1971ರ ಹೊತ್ತಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ಇಳಿಸಿದಾಗ ತಂತಿಗಳು ಸಡಿಲಗೊಂಡು ಬೆರಳಿಗೆ ಹಗುರವಾದವು, ನಾದಕ್ಕೆ ಮಾತ್ರ ಭಾರ ಬಂತು. ಆ ತಂಡದ ಮೊದಲ ಆಲ್ಬಮ್ಮಿನ ಮೊದಲ ಹಾಡು ನಿಂತಿರುವುದು ಷಡ್ಜ, ತಾರಷಡ್ಜ ಮತ್ತು ಪ್ರತಿಮಧ್ಯಮ ಎಂಬ ಮೂರೇ ಸ್ವರಗಳ ರಿಫ್ಫಿನ ಮೇಲೆ. ಪಾಶ್ಚಾತ್ಯ ಕಿವಿಗೆ ಅಶುಭವೆನಿಸುವ ಈ ಅಂತರ ಕಲ್ಯಾಣಿ, ಪೂರ್ವಿಕಲ್ಯಾಣಿಗಳನ್ನು ಕೇಳಿ ಬೆಳೆದವರಿಗೆ ಭಯ ಹುಟ್ಟಿಸುವಂಥದ್ದೇನಲ್ಲ.

ಭದ್ರಾವತಿಯೂ ಕುಲುಮೆಯ ಊರೇ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಾಗಿ, ಮಲೆನಾಡಿನ ಕಾಡಿನ ಮರವನ್ನು ಇದ್ದಿಲಾಗಿಸಿ ಅದಿರು ಕರಗಿಸುವ ಕಾರ್ಖಾನೆ ಇಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಅದರ ಜೊತೆಗೂಡಿತು. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಕುಲುಮೆ ಇದ್ದ ಕಡೆಯೆಲ್ಲ ಮೆಟಲ್ ತಂಡ ಹುಟ್ಟುತ್ತದೆ ಎಂಬುದು ನಿಯಮವಲ್ಲ. ಕನ್ನಡ, ತಮಿಳು, ತೆಲುಗು, ಮಲಯಾಳಂ ಮಾತನಾಡುವ ಕಾರ್ಮಿಕರನ್ನು ಒಂದೇ ಕಾಲೊನಿಯಲ್ಲಿ ಕೂಡಿಸಿದ ಕ್ವಾರ್ಟರ್ಸ್ ಬದುಕು ಪೋಷಿಸಿದ್ದು ಗಣೇಶೋತ್ಸವದ ಆರ್ಕೆಸ್ಟ್ರಾವನ್ನು. ಪೋಸ್ಟರುಗಳಲ್ಲಿ ‘ರಸಮಂಜರಿ’ ಎಂದೂ ‘ವಾದ್ಯಗೋಷ್ಠಿ’ ಎಂದೂ ಅಚ್ಚಾಗುತ್ತಿದ್ದ ಈ ಕಾರ್ಯಕ್ರಮಗಳಲ್ಲಿ ಕೀಬೋರ್ಡ್, ರಿದಮ್ ಪ್ಯಾಡ್, ತಬಲಾಗಳ ಪಕ್ಕದಲ್ಲಿ ಒಂದು ಲೀಡ್ ಗಿಟಾರ್, ಒಂದು ಬೇಸ್ ಗಿಟಾರ್ ಇರುತ್ತಿದ್ದವು. ಜಿಲ್ಲೆಯ ಎಷ್ಟೋ ಮಂದಿಗೆ ವಿದ್ಯುತ್ ಗಿಟಾರನ್ನು ಹತ್ತಿರದಿಂದ ಕಾಣಲು ಸಿಕ್ಕಿದ ಮೊದಲ ವೇದಿಕೆ ಪೆಂಡಾಲಿನದೇ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು, ಆಮೇಲೆ 1998ರ ‘ಎ’ ಚಿತ್ರದೊಂದಿಗೆ ಬಂದ ಗುರುಕಿರಣ್ ಅವರ ಬಿರುಸಿನ ಸ್ವರಸಂಯೋಜನೆಗಳು ಆರ್ಕೆಸ್ಟ್ರಾದ ಗಿಟಾರ್ ವಾದಕನಿಗೆ ತನ್ನ ಕೈಚಳಕವನ್ನು ತೋರಿಸಲು ಸಿಗುತ್ತಿದ್ದ ಅಪರೂಪದ ಅವಕಾಶಗಳಾಗಿದ್ದವು.

ಕಿವಿಯನ್ನು ಹದಗೊಳಿಸಿದ ಇನ್ನೊಂದು ಸಂಸ್ಥೆ ಆಕಾಶವಾಣಿ. 1965ರಲ್ಲಿ ಆರಂಭವಾದ ಭದ್ರಾವತಿ ನಿಲಯ 675 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ, ಮುಂದೆ 103.5 ಎಫ್.ಎಂ.ನಲ್ಲಿ ಮಲೆನಾಡಿನ ಮನೆಗಳನ್ನು ತಲುಪಿತು. ನಿಲಯ ರಾಕ್ ಪ್ರಚಾರಕ್ಕೆ ಹುಟ್ಟಿದ್ದಲ್ಲ. ಆದರೆ ಹಾಡಿಗೆ ಮುನ್ನ ಗಾಯಕ, ಕವಿ, ಸಂಗೀತ ಸಂಯೋಜಕರ ಹೆಸರನ್ನು ತಪ್ಪದೆ ಹೇಳುವ ಆಕಾಶವಾಣಿಯ ಶಿಸ್ತು ಕೇಳುಗರಲ್ಲಿ ಒಂದು ಚಟವನ್ನು ಬೆಳೆಸಿತು. ಹಾಡೆಂದರೆ ಅದರ ಹಿಂದಿನ ಹೆಸರುಗಳೂ ಹೌದು ಎಂದು ತಿಳಿದವರು ಮುಂದೆ ಕ್ಯಾಸೆಟ್ಟಿನ ಒಳಹೊದಿಕೆಯಲ್ಲಿ ಇರುವೆಯಂಥ ಅಕ್ಷರಗಳಲ್ಲಿದ್ದ ವಾದಕರ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಆಶ್ಚರ್ಯವಿಲ್ಲ.

ಕ್ಯಾಸೆಟ್ ಕಾಲದ ಬಗೆಗೆ ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಸಣ್ಣ ಊರಿನ ರಾಕ್ ಜ್ಞಾನ ಬೆಳೆದದ್ದು ನಕಲಿನಿಂದ ನಕಲಿಗೆ. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿನ ಒಂದೊಂದು ಮಗ್ಗುಲಿಗೆ ನಲವತ್ತೈದು ನಿಮಿಷ ಸಿಗುತ್ತಿದ್ದು, ಎಲ್.ಪಿ. ಕಾಲದ ಆಲ್ಬಮ್ಮೊಂದು ಬಹುಪಾಲು ಅಷ್ಟರಲ್ಲಿ ಮುಗಿದು ನಾಲ್ಕೈದು ನಿಮಿಷದ ಟೇಪು ಮಿಕ್ಕುತ್ತಿತ್ತು. ಅದನ್ನು ಹಾಳುಮಾಡಲು ಮನಸ್ಸಾಗದ ನಕಲುಗಾರ ಬೇರೊಂದು ತಂಡದ ಹಾಡನ್ನು ಅಲ್ಲಿ ತುಂಬಿಸುತ್ತಿದ್ದುದರಿಂದ, ಆ ಹಾಡೂ ಅದೇ ಆಲ್ಬಮ್ಮಿನದೆಂಬ ನಂಬಿಕೆ ಹಾಸ್ಟೆಲಿನಿಂದ ಹಾಸ್ಟೆಲಿಗೆ ಹರಡುತ್ತಿತ್ತು. ಹಸ್ತಪ್ರತಿಗಳ ಪ್ರಕ್ಷಿಪ್ತ ಭಾಗಗಳನ್ನು ಪತ್ತೆಹಚ್ಚುವ ಪಾಠಸಂಪಾದಕರ ಕೆಲಸಕ್ಕೂ, ಇಂಥ ತಪ್ಪುಗಳನ್ನು ಒಂದೊಂದಾಗಿ ಕಳಚಿದ ಹಿರಿಯ ಕೇಳುಗರ ಕೆಲಸಕ್ಕೂ ತಾತ್ವಿಕವಾಗಿ ವ್ಯತ್ಯಾಸ ಕಡಿಮೆ. 1990ರ ದಶಕದಲ್ಲಿ ಕೇಬಲ್ ಟಿ.ವಿ.ಯ ಸಂಗೀತ ವಾಹಿನಿಗಳು ಬಂದವು. 1993ರಲ್ಲಿ ಅಮಿತ್ ಸೈಗಲ್ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯನ್ನು ಆರಂಭಿಸಿ ದೇಶದ ತಂಡಗಳ ಸುದ್ದಿಗೆ ನೆಲೆ ಒದಗಿಸಿದರು. ಆ ಪತ್ರಿಕೆ ಹೊರಟದ್ದು ಮುಂಬೈಯಿಂದಲೋ ಬೆಂಗಳೂರಿನಿಂದಲೋ ಅಲ್ಲ, ಅಲಹಾಬಾದಿನಿಂದ ಎಂಬುದನ್ನು ಸಣ್ಣ ಊರಿನ ಕೇಳುಗರು ಇಂದಿಗೂ ತುಸು ಹೆಮ್ಮೆಯಿಂದಲೇ ನೆನೆಯುತ್ತಾರೆ.

ಹೀಗೆ ಕಿವಿಯಲ್ಲಿ ಮಾತ್ರ ಇದ್ದ ತಂಡಗಳು ಕಣ್ಣಿಗೆ ಬಿದ್ದದ್ದು ಅರಮನೆ ಮೈದಾನದಲ್ಲಿ. 2001ರಲ್ಲಿ ಡೀಪ್ ಪರ್ಪಲ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡಗಳು ಬೆಂಗಳೂರಿಗೆ ಬಂದು ಹೋಗಿದ್ದವು. ಮೆಟಲ್ ಕೇಳುಗರ ಕಾಲಗಣನೆ ಮಾತ್ರ ಶುರುವಾಗುವುದು 2007ರ ಮಾರ್ಚ್ 17ರ ಶನಿವಾರದಿಂದ. ಅಂದು ಸ್ಟೀವ್ ಹ್ಯಾರಿಸ್ 1975ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿತು, ದೆಹಲಿಯ ಪರಿಕ್ರಮ ತಂಡ ಅದಕ್ಕೆ ಮುನ್ನ ವೇದಿಕೆಯೇರಿತ್ತು. ಮಾರ್ಚ್ ಪರೀಕ್ಷೆಗಳ ತಿಂಗಳಾದುದರಿಂದ ಆ ಕಚೇರಿಗೆ ಯಾರು ಹೋದರು, ಯಾರು ಮನೆಯಲ್ಲಿ ಉಳಿದರು ಎಂಬುದು ಒಂದು ತಲೆಮಾರಿನಲ್ಲಿ ಜಾತಿವಿಭಾಗದಷ್ಟೇ ಗಟ್ಟಿಯಾಗಿ ನಿಂತಿದೆ. 2008ರಲ್ಲಿ ಮೆಗಾಡೆತ್, 2009ರ ಫೆಬ್ರವರಿಯಲ್ಲಿ ಮತ್ತೆ ಐರನ್ ಮೇಡನ್ ಬಂದವು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಗುರುಗ್ರಾಮದಲ್ಲಿ 28ರಂದು ನಡೆಸಬೇಕಿದ್ದ ಕಚೇರಿ ರದ್ದಾಗಿ, ಅಲ್ಲಿ ಸೇರಿದ್ದ ಜನ ಕೆರಳಿ ವೇದಿಕೆಗೆ ನುಗ್ಗಿದ ಮೇಲೆ, 30ರ ಭಾನುವಾರ ಬೆಂಗಳೂರಿನಲ್ಲಿ ನಡೆದದ್ದೇ ಆ ತಂಡದ ಮೊದಲ ಭಾರತೀಯ ಪ್ರದರ್ಶನವಾಯಿತು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮದಿಂದಾಗಿ ಕಚೇರಿಗಳು ಬೇಗ ಮುಗಿಯುತ್ತಿದ್ದು, ಶಿವಮೊಗ್ಗದ ಕಡೆಯ ರಾತ್ರಿ ಬಸ್ಸು, ರೈಲುಗಳನ್ನು ಹಿಡಿಯಲು ಪುರಸೊತ್ತು ಸಿಗುತ್ತಿತ್ತು. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಭಾರೀ ಜನಸಾಗರದ ಎದುರು ನಡೆದಿತ್ತು ಎಂಬುದನ್ನು ಮರೆಯಲಾಗದು. ಸುಗಮ ಸಂಗೀತವೂ ರಾಕ್ ಕಚೇರಿಯ ಗಾತ್ರಕ್ಕೆ ಬೆಳೆಯಬಲ್ಲದೆಂದು ಅದು ತೋರಿಸಿತ್ತು.

ಕಚೇರಿ ಮುಗಿದ ಮೇಲೆ ಶುರುವಾಗುವ ಕೆಲಸದಲ್ಲಿಯೇ ಈ ಸಮುದಾಯದ ನಿಜವಾದ ಕಸುಬು ಕಾಣುತ್ತದೆ. ಮೊದಲು ‘ಸೆಟ್‌ಲಿಸ್ಟ್’, ಅಂದರೆ ಅಂದು ನುಡಿಸಿದ ಹಾಡುಗಳ ಕ್ರಮ, ನಿರ್ಧಾರವಾಗಬೇಕು. ಅದಾದ ಮೇಲೆ ‘ಲೈನ್‌ಅಪ್’, ಅಂದರೆ ಆ ದಿನ ತಂಡದಲ್ಲಿದ್ದ ವಾದಕರ ಪಟ್ಟಿ. ಆಮೇಲೆ ಯಾವ ಹಾಡನ್ನು ಹಿಂದಿನ ಪ್ರವಾಸಕ್ಕಿಂತ ವೇಗವಾಗಿ ನುಡಿಸಿದರು, ಎಲ್ಲಿ ತಾಳ ತಪ್ಪಿತು ಎಂಬ ವಿಮರ್ಶೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಕ್ಷಗಾನ ಪ್ರೇಕ್ಷಕರನ್ನು ಬಲ್ಲವರಿಗೆ ಈ ಮಾತುಕತೆಯ ಧಾಟಿ ಪರಿಚಿತ. ಯಾವ ಮೇಳದ ಯಾವ ಆಟದಲ್ಲಿ ಭಾಗವತರು ಯಾವ ಪದ್ಯಕ್ಕೆ ಯಾವ ರಾಗ ಬಳಸಿದರು ಎಂದು ವರ್ಷಗಳ ನಂತರವೂ ಹೇಳಬಲ್ಲವರು ಈ ಸೀಮೆಯಲ್ಲಿದ್ದಾರೆ. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತರ ಆಸುಪಾಸು. ಅವರ ಪದ್ಯಗಳು ಕ್ಯಾಸೆಟ್ಟುಗಳಲ್ಲಿ ಕೈಯಿಂದ ಕೈಗೆ ದಾಟಿ, ಅವರನ್ನು ಕಣ್ಣಾರೆ ಕಾಣದವರಲ್ಲೂ ಅಭಿಮಾನಿಗಳನ್ನು ಹುಟ್ಟಿಸಿದವು. ಮೆಟಾಲಿಕಾದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರಿನಲ್ಲಿ, ಇಪ್ಪತ್ನಾಲ್ಕರ ಹರೆಯದಲ್ಲಿ, ಸ್ವೀಡನ್ನಿನ ಬಸ್ ಅಪಘಾತದಲ್ಲಿ ಮಡಿದ ಮೇಲೆ ಅವರ ಸುತ್ತ ಬೆಳೆದ ನೆನಪಿನ ಲೋಕವೂ ಇದೇ ಜಾತಿಯದು. ‘ಅವರು ಇದ್ದಿದ್ದರೆ’ ಎಂಬ ಪ್ರಶ್ನೆ ಎರಡೂ ಕಡೆ ಮುಗಿಯುವುದಿಲ್ಲ, ಆಮೇಲೆ ಬಂದವರ ಮೇಲಿನ ಅನ್ಯಾಯವೂ ಎರಡೂ ಕಡೆ ಒಂದೇ ಬಗೆಯದು.

ನೆನಪನ್ನೇ ಆಕರವಾಗಿ ಹೊಂದಿದ ಈ ಚರಿತ್ರೆಗೆ ದೋಷಗಳಿವೆ. ಜನಸಂಖ್ಯೆ ವರ್ಷದಿಂದ ವರ್ಷಕ್ಕೆ ಉಬ್ಬುತ್ತದೆ. ಮೈದಾನದಲ್ಲಿ ಮುಂದಿನ ಸಾಲಿನಲ್ಲಿ ನಿಂತಿದ್ದೆವು ಎನ್ನುವವರೆಲ್ಲ ನಿಜವಾಗಿ ಅಲ್ಲಿದ್ದಿದ್ದರೆ ಹಿಂದಿನ ಸಾಲುಗಳು ಖಾಲಿಯಿರಬೇಕಿತ್ತು. ಹೇಳುವವರು ಬಹುಪಾಲು ಗಂಡಸರಾದ್ದರಿಂದ, ರಾತ್ರಿ ಪಯಣದ ಅನುಮತಿಯೇ ಸಿಗದೆ ಮನೆಯಲ್ಲಿ ಟೇಪ್ ಕೇಳಿದ ಹೆಣ್ಣುಮಕ್ಕಳ ಪಾಲು ಇದರಲ್ಲಿ ಕಾಣಿಸುವುದಿಲ್ಲ, ಮತ್ತು ಇದು ಉಬ್ಬಿದ ಅಂಕಿಗಳಿಗಿಂತ ಗಂಭೀರವಾದ ಕೊರತೆ.

ಕೇಳುಗರ ನಡುವಿನಿಂದಲೇ ತಂಡಗಳೂ ಎದ್ದವು. ಬೆಂಗಳೂರಿನ ಡೈಯಿಂಗ್ ಎಂಬ್ರೇಸ್ 1990ರ ದಶಕದ ಆರಂಭದಲ್ಲೇ ಗುಡುಗುದನಿಯ ಡೆತ್ ಮೆಟಲ್ ನುಡಿಸುತ್ತಿತ್ತು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ 2004ರಲ್ಲಿ ಮೊದಲ ಆಲ್ಬಮ್ ತಂದು, 2013ರಲ್ಲಿ ಉತ್ತರ ಜರ್ಮನಿಯ ವಾಕೆನ್ ಎಂಬ ಪುಟ್ಟ ಹಳ್ಳಿಯಲ್ಲಿ 1990ರಿಂದ ನಡೆಯುತ್ತಿರುವ ಮೆಟಲ್ ಜಾತ್ರೆಯಲ್ಲಿ ನುಡಿಸಿತು. ಇವೆಲ್ಲ ಹಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡದ ಪದ ರಾಕ್ ವೇದಿಕೆಯಲ್ಲಿ ಗಟ್ಟಿಯಾಗಿ ನಿಂತದ್ದು ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳನ್ನು ಹಾಡಿದಾಗ, ಅದೂ ಮೆಟಲ್ ಅಲ್ಲ, ಜಾನಪದದ ಹದವುಳ್ಳ ರಾಕ್. ಮೆಟಲ್ಲಿನ ಬಿರುಸಿಗೆ ಕನ್ನಡ ಒಗ್ಗದು ಎಂಬ ಮಾತು ಆಗಾಗ ಕೇಳಿಬರುವುದಾದರೂ ಅದನ್ನು ಒಪ್ಪುವುದು ಕಷ್ಟ. ಪ್ರೊಗ್ರೆಸಿವ್ ಮೆಟಲ್ ಎಂಬ ಕವಲಿನ ತಂಡಗಳು ನಾಲ್ಕರ ನಡೆಯನ್ನು ಬಿಟ್ಟು ಏಳು ಎಣಿಕೆಯ ಆವರ್ತಗಳಲ್ಲಿ ರಿಫ್ ಕಟ್ಟುವುದನ್ನು ಪಾಂಡಿತ್ಯದ ಗುರುತೆಂದು ಭಾವಿಸುತ್ತವೆ. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಬರೆದ ಭಾಮಿನಿ ಷಟ್ಪದಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಜೋಡಿಯಾಗಿ ಓಡುವ ಅದೇ ಏಳರ ನಡೆ. ಶಿವಮೊಗ್ಗದ ಹೊರವಲಯದ ಹೊಸಹಳ್ಳಿ, ಮತ್ತೂರುಗಳಲ್ಲಿ ಗಮಕಿಗಳು ಆ ಷಟ್ಪದಿಯನ್ನು ಇಂದಿಗೂ ವಾಚಿಸುತ್ತಾರೆ, ತುಂಗೆಯ ಈ ದಡದಲ್ಲಿ ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಏಳನ್ನು ಎಣಿಸಲು ಬೇರೆ ಗುರುವನ್ನು ಹುಡುಕಬೇಕಾಗಿಲ್ಲ.