ಪರಂಗಿಮಲೆಗೆ ಬಂದ ಆರು ಸಾವಿರ ಕುದುರೆ

ಪೋರೂರಿನಿಂದ ಆಗ್ನೇಯಕ್ಕೆ ಐದಾರು ಕಿಲೋಮೀಟರು ದೂರದಲ್ಲಿ ಒಂದು ಸಣ್ಣ ಗುಡ್ಡವುಂಟು. ತಮಿಳರು ಅದನ್ನು ಪರಂಗಿಮಲೆ ಎನ್ನುತ್ತಾರೆ. ಆಂಗ್ಲರು ಅದನ್ನು ಸಂತ ತೋಮನ ಹೆಸರಿನಿಂದ ಕರೆದರು. ಪೂನಮಲ್ಲಿಯಿಂದ ಪೋರೂರಿನ ಮೇಲೆ ಹಾದು ಆ ಗುಡ್ಡದ ಬುಡವನ್ನು ಸೇರುವ ರಸ್ತೆಯಲ್ಲಿ ಇಲ್ಲಿನ ಕನ್ನಡ ಕುಟುಂಬಗಳವರು ದಿನವೂ ಓಡಾಡುತ್ತಾರೆ. ೧೭೬೯ನೆಯ ಮಾರ್ಚ್ ತಿಂಗಳ ಕೊನೆಯಲ್ಲಿ ಮೈಸೂರಿನ ಆರು ಸಾವಿರ ರಾಹುತರು ಈ ಗುಡ್ಡದ ಪರಿಸರದಲ್ಲಿ ಬಂದು ನಿಂತು, ಒಂದು ಗುಂಡಿನ ಕಲ್ಲನ್ನೂ ಕೋಟೆಯ ಮೇಲೆ ಹಾರಿಸದೆ, ಮದರಾಸಿನ ಕುಂಪಣಿ ಸರ್ಕಾರದಿಂದ ಸಂಧಿಪತ್ರವನ್ನು ಬರೆಯಿಸಿಕೊಂಡು ಹೋದರೆಂಬುದು ಶಾಲೆಯ ಪಠ್ಯಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುವ ಸಂಗತಿ. ಅದು ಹೇಗೆ ಸಾಧ್ಯವಾಯಿತೆಂಬುದು ಮಾತ್ರ ಅಷ್ಟು ಸುಲಭವಾಗಿ ತಿಳಿಯುವಂಥದಲ್ಲ.

ವೈರಿಯ ಸೈನ್ಯವನ್ನು ಮುಂದೆ ಬಿಟ್ಟು, ಅದರ ಬೆನ್ನ ಹಿಂದೆ ಬಹುದೂರ ನುಗ್ಗಿ ಹೋರಾಡುವ ವಿಶೇಷ ದಳಗಳ ಮಾತು ಬಂದಾಗ ಯುದ್ಧಶಾಸ್ತ್ರದ ಪುಸ್ತಕಗಳು ಸಾಮಾನ್ಯವಾಗಿ ಬರ್ಮಾದ ಕಾಡುಗಳತ್ತ ಕೈ ತೋರಿಸುತ್ತವೆ. ೧೯೪೩ರ ಫೆಬ್ರವರಿಯಲ್ಲಿ ವಿಂಗೇಟ್ ಎಂಬ ಬ್ರಿಗೇಡಿಯರು ಸುಮಾರು ಮೂರು ಸಾವಿರ ಮಂದಿಯೊಡನೆ ಚಿಂದ್ವಿನ್ ನದಿಯನ್ನು ದಾಟಿ, ಜಪಾನೀಯರ ಹಿಂದಿನ ರೈಲುದಾರಿಯನ್ನು ಕಡಿದುಹಾಕಿದ. ಹೋದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಹಿಂದಿರುಗಲಿಲ್ಲ. ಬರ್ಮೀಯರ ದೇವಾಲಯಗಳ ಬಾಗಿಲು ಕಾಯುವ ಸಿಂಹದ ಹೆಸರಿನಿಂದ ಇವರನ್ನು ಚಿಂಡಿಟ್‌ರೆಂದು ಕರೆದರು. ಅದೇ ಯುದ್ಧದ ಕಾಲದಲ್ಲಿ ಸೈನಿಕರಿಗೆ ಕಾಡಿನ ಕಾಳಗವನ್ನು ಕಲಿಸುವ ಒಂದು ಶಾಲೆ ನಮ್ಮ ಶಿವಮೊಗ್ಗೆಯಲ್ಲಿ ನಡೆಯಿತೆಂಬುದನ್ನು ಪ್ರಸಂಗವಶಾತ್ ನೆನೆಯಬಹುದು. ಹೊಸದೆಂದು ಅಲ್ಲಿ ಕಲಿಸಿದ ವಿದ್ಯೆಯಲ್ಲಿ ಬಹುಪಾಲು ಕನ್ನಡನಾಡಿನ ದಂಡಿಗೆ ೧೭೫ ವರ್ಷಗಳ ಹಿಂದೆಯೇ ತಿಳಿದಿತ್ತು.

ಮೈಸೂರಿನ ಪ್ರಸ್ಥಭೂಮಿಗೂ ಮದರಾಸಿನ ಬಯಲಿಗೂ ನಡುವೆ ಬಾರಾಮಹಲ್ ಎಂಬ ಸೀಮೆ ಇದೆ; ಇಂದಿನ ಕೃಷ್ಣಗಿರಿ, ಧರ್ಮಪುರಿಗಳ ಸುತ್ತಣ ನೆಲ. ಅದರ ಪೂರ್ವಕ್ಕೆ ಜವಾದಿ ಬೆಟ್ಟಗಳು, ತೆಂಕಣಕ್ಕೆ ಸೇಲಂ ಸೀಮೆಯ ಮಲೆಗಳು. ಚೆಂಗಮ, ಆತ್ತೂರು, ಕಾವೇರಿಪುರ, ಗಜ್ಜಲಹಟ್ಟಿ — ಹೀಗೆ ಕೆಲವೇ ಕಣಿವೆಗಳ ಮೂಲಕ ದಂಡು ಇಳಿಯಬೇಕು, ಏರಬೇಕು. ಆ ಕಾಲಕ್ಕೆ ಈ ಕಣಿವೆಗಳೆಲ್ಲ ದಟ್ಟವಾದ ಕಾಡು. ಅಲ್ಲಿ ನೀರು ಎಲ್ಲಿ, ಹುಲ್ಲು ಎಲ್ಲಿ, ಯಾವ ಹಳ್ಳ ಯಾವ ತಿಂಗಳಲ್ಲಿ ದಾಟಲು ಬರುತ್ತದೆ ಎಂಬುದನ್ನು ಬಲ್ಲವನಿಗೆ ಕಾಡು ಕೋಟೆ, ಬಲ್ಲದವನಿಗೆ ಬಲೆ. ಕುಂಪಣಿಯ ಸೇನಾಪತಿ ಕರ್ನಲ್ ಜೋಸೆಫ್ ಸ್ಮಿತ್ ಸಮರ್ಥನೇ. ೧೭೬೭ರ ಸೆಪ್ಟೆಂಬರಿನಲ್ಲಿ ಚೆಂಗಮದಲ್ಲಿಯೂ ತಿರುವಣ್ಣಾಮಲೆಯಲ್ಲಿಯೂ ಹೈದರಾಲಿ ಮತ್ತು ನಿಜಾಮರ ಕೂಡುದಂಡನ್ನು ಅವನು ಸೋಲಿಸಿದ. ಆದರೆ ಗೆದ್ದವನಿಗೆ ಬೆನ್ನಟ್ಟುವ ಶಕ್ತಿಯಿರಲಿಲ್ಲ. ಕುದುರೆಯ ದಳ ಅವನಲ್ಲಿ ಹೆಸರಿಗಷ್ಟೇ. ತೋಪುಗಳನ್ನೆಳೆಯಲು ಎತ್ತು, ಎತ್ತಿಗೆ ಮೇವು, ಸಿಪಾಯಿಗೆ ಅಕ್ಕಿ; ಇವುಗಳಿಗಾಗಿ ಆರ್ಕಾಟಿನ ನವಾಬ ಮಹಮ್ಮದಾಲಿಯ ಮಾತನ್ನು ನಂಬಬೇಕು. ಆ ಮಾತು ಧಾನ್ಯವಾಗಿ ಬಂದದ್ದು ಕಡಿಮೆ.

ಈ ದೌರ್ಬಲ್ಯವನ್ನು ಮೈಸೂರಿನವರು ಬೇಗನೆ ಕಂಡುಕೊಂಡರು. ಸ್ಮಿತ್ ತಿರುವಣ್ಣಾಮಲೆಯಲ್ಲಿ ಹೋರಾಡುತ್ತಿದ್ದ ದಿನಗಳಲ್ಲಿಯೇ ಹದಿನಾರು ಹದಿನೇಳು ವಯಸ್ಸಿನ ಟಿಪ್ಪು ಒಂದು ರಾವುತರ ದಳದೊಡನೆ ಮದರಾಸಿನ ತೋಟದ ಮನೆಗಳವರೆಗೆ ನುಗ್ಗಿದ. ಗವರ್ನರನೂ ಅವನ ಮಂತ್ರಾಲೋಚನಾ ಸಭೆಯವರೂ ಸೆರೆಸಿಕ್ಕದೆ ಉಳಿದದ್ದು ಅವರ ಪುಣ್ಯ. ತಿರುವಣ್ಣಾಮಲೆಯ ಸೋಲಿನ ಸುದ್ದಿ ಬಂದೊಡನೆ ಟಿಪ್ಪು ಹಿಂದಿರುಗಿದ. ಈ ಲಗ್ಗೆಯಿಂದ ನೆಲವೇನೂ ಬರಲಿಲ್ಲ. ಆದರೆ ಮದರಾಸಿನ ದಾರಿ ತೆರೆದಿದೆಯೆಂಬುದು ಖಚಿತವಾಯಿತು.

ಮುಂದಿನ ವರ್ಷ ಕುಂಪಣಿಯವರು ಹೊಸೂರು, ಮುಳಬಾಗಿಲು, ಕೋಲಾರಗಳನ್ನು ಹಿಡಿದು ಬೆಂಗಳೂರಿನ ಸಮೀಪದವರೆಗೂ ಬಂದರು. ಅವರು ಮೇಲೇರಿದಷ್ಟೂ ಅವರ ಸರಬರಾಯಿಯ ಹಾದಿ ಉದ್ದವಾಯಿತು. ೧೭೬೮ರ ಕೊನೆಯಲ್ಲಿ ಹೈದರಾಲಿ ಘಟ್ಟವಿಳಿದು ಧರ್ಮಪುರಿ, ಕರೂರು, ಈರೋಡುಗಳನ್ನು ಒಂದರ ಹಿಂದೊಂದರಂತೆ ಕಿತ್ತುಕೊಂಡ. ಸಂಧಿಯ ಮಾತು ನಡೆದು ಮುರಿದುಬಿತ್ತು. ಆಗ, ೧೭೬೯ರ ಮಾರ್ಚಿನಲ್ಲಿ, ಅವನು ಮಾಡಿದ ಏರ್ಪಾಟು ಇಡೀ ಯುದ್ಧದ ತಿರುಳು. ತೋಪು, ಕಾಲಾಳು, ಡೇರೆ, ಸಾಮಾನಿನ ಎತ್ತುಗಳು — ಭಾರವೆಂಬುದನ್ನೆಲ್ಲ ಆತ್ತೂರು ಕಣಿವೆಯ ಹಾದಿಯಾಗಿ ಪಶ್ಚಿಮಕ್ಕೆ ಕಳುಹಿಸಿಬಿಟ್ಟ. ಆರಿಸಿದ ೬,೦೦೦ ಕುದುರೆ, ಆರಿಸಿದ ೨೦೦ ಕಾಲಾಳು, ಇಷ್ಟನ್ನೇ ತನ್ನೊಡನೆ ಉಳಿಸಿಕೊಂಡ. ಒಂದು ತೋಪೂ ಇಲ್ಲ. ಮೂರೂವರೆ ದಿನಗಳಲ್ಲಿ ೧೩೦ ಮೈಲಿ ನಡೆದು ಮಾರ್ಚ್ ೨೯ರಂದು ಮದರಾಸಿನಿಂದ ಐದು ಮೈಲಿಯ ದೂರದಲ್ಲಿ ಕಾಣಿಸಿಕೊಂಡ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಕೊಡುವ ಲೆಕ್ಕವಿದು. ಹೈದರನನ್ನು ಹೊಗಳಬೇಕೆಂಬ ಹಟ ಅವನಿಗಿರಲಿಲ್ಲವಾದ್ದರಿಂದ ಇದನ್ನು ನಂಬಲು ಅಡ್ಡಿಯಿಲ್ಲ. ಎರಡು ನೂರು ಮಂದಿ ಕಾಲಾಳುಗಳೂ ಕುದುರೆಗಳ ವೇಗಕ್ಕೆ ಹೆಜ್ಜೆ ಹಾಕಿದರೆಂಬುದು ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಸೋಜಿಗದ ಸಂಗತಿ.

ತೋಪಿಲ್ಲದ ಆರು ಸಾವಿರ ಕುದುರೆ ಸೇಂಟ್ ಜಾರ್ಜ್ ಕೋಟೆಯ ಗೋಡೆಯನ್ನು ಏನು ಮಾಡೀತು? ಏನೂ ಮಾಡಲಾರದು. ಅದು ಹೈದರನಿಗೂ ಗೊತ್ತು, ಗವರ್ನರ್ ಬೌಚಿಯರನಿಗೂ ಗೊತ್ತು. ಆದರೆ ಕುಂಪಣಿ ಮೂಲತಃ ಒಂದು ವ್ಯಾಪಾರದ ಸಂಸ್ಥೆ. ಅದರ ಬಂಡವಾಳವಿದ್ದದ್ದು ಗೋಡೆಯ ಹೊರಗೆ: ನೇಕಾರರ ಕೇರಿಗಳಲ್ಲಿ, ಮುಂಗಡ ಕೊಟ್ಟ ಬಟ್ಟೆಯಲ್ಲಿ, ಕಂದಾಯ ಬರಬೇಕಾದ ಹಳ್ಳಿಗಳಲ್ಲಿ, ಅಧಿಕಾರಿಗಳ ತೋಟಗಳಲ್ಲಿ. ಎರಡು ವರ್ಷದ ಯುದ್ಧದಿಂದ ಬೊಕ್ಕಸ ಬರಿದಾಗಿತ್ತು. ಕೋಟೆ ಉಳಿದು ನಾಡು ಸುಟ್ಟರೆ ಲೆಕ್ಕದ ಪುಸ್ತಕದಲ್ಲಿ ಅದೂ ಸೋಲೇ. ಹೈದರ ಗುರಿಯಿಟ್ಟದ್ದು ಸ್ಮಿತ್‌ನ ಸೈನ್ಯಕ್ಕಲ್ಲ, ಆ ಸೈನ್ಯಕ್ಕೆ ಅಪ್ಪಣೆ ಕೊಡುವವರ ಮನಸ್ಸಿಗೆ. ಅವನ ಮೊದಲ ಬೇಡಿಕೆಗಳೂ ಇದಕ್ಕೆ ತಕ್ಕಂತಿದ್ದವು: ಬೆನ್ನಟ್ಟಿ ಬರುತ್ತಿರುವ ಸ್ಮಿತ್ ಇದ್ದಲ್ಲಿಯೇ ನಿಲ್ಲಬೇಕು, ಮಾತುಕತೆಗೆ ಸಭೆಯ ಡುಪ್ರೆ ಎಂಬಾತ ಪರಂಗಿಮಲೆಗೆ ಬರಬೇಕು. ಎರಡೂ ನಡೆದವು.

ಇಂಥ ಭಯಕ್ಕೆ ಲಂಡನ್ನಿನಲ್ಲಿಯೂ ಬೆಲೆ ಕಟ್ಟಲಾಯಿತು. ಪರಂಗಿಮಲೆಯ ಸುದ್ದಿ ಹಡಗಿನಲ್ಲಿ ಅಲ್ಲಿಗೆ ಮುಟ್ಟಲು ಇನ್ನೂ ತಿಂಗಳುಗಳಿದ್ದವು. ಹೈದರನು ಘಟ್ಟವಿಳಿದ ಹಿಂದಿನ ಸುದ್ದಿ ೧೭೬೯ರ ಮೇ ತಿಂಗಳಲ್ಲಿ ತಲುಪಿದ್ದೇ ಸಾಕಾಯಿತು, ಕುಂಪಣಿಯ ಷೇರುಗಳು ಕುಸಿದವು. ಸಾಲ ಮಾಡಿ ಷೇರು ಕೊಂಡಿದ್ದವರು ಹಾಳಾದರು. ಎಡ್ಮಂಡ್ ಬರ್ಕನ ಆಪ್ತರಾದ ವಿಲಿಯಂ ಬರ್ಕ್ ಮತ್ತು ಲಾರ್ಡ್ ವರ್ನಿ ಆ ಸಾಲಿನವರು. ಬಾರಾಮಹಲಿನ ಕಾಡುದಾರಿಗೂ ಲಂಡನ್ನಿನ ಷೇರುಪೇಟೆಗೂ ಹೀಗೆ ನಂಟು ಬಿದ್ದದ್ದು ಅರ್ಥಶಾಸ್ತ್ರದ ಅಭ್ಯಾಸಿಗಳು ಇನ್ನಷ್ಟು ಗಮನಿಸಬೇಕಾದ ವಿಷಯ.

ವಿಂಗೇಟನ ದಳಕ್ಕೂ ಈ ದಳಕ್ಕೂ ಇರುವ ದೊಡ್ಡ ಭೇದವನ್ನು ಮರೆಮಾಚಬಾರದು. ಚಿಂಡಿಟ್‌ರಿಗೆ ಆಹಾರ ವಿಮಾನದಿಂದ ಬೀಳುತ್ತಿತ್ತು, ಅಪ್ಪಣೆ ರೇಡಿಯೋದಲ್ಲಿ ಬರುತ್ತಿತ್ತು. ಹೈದರನ ರಾಹುತರು ಹುಲ್ಲನ್ನೂ ಹುರುಳಿಯನ್ನೂ ದಾರಿಯ ಹಳ್ಳಿಗಳಿಂದಲೇ ತೆಗೆದುಕೊಂಡರು. ಭಾರವನ್ನು ಕಳಚಿದ ದಂಡಿನ ಭಾರ ರೈತನ ಹೆಗಲಿಗೇರಿತು. ವೇಗದ ಈ ಕಥೆಯನ್ನು ಹೆಮ್ಮೆಯಿಂದ ಹೇಳುವಾಗ ತೊಂಡೈನಾಡಿನ ಆ ಒಕ್ಕಲಿಗನನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಸಂಧಿಯಾಯಿತು. ಗೆದ್ದ ನೆಲಗಳನ್ನು ಇಬ್ಬರೂ ಹಿಂದಿರುಗಿಸಬೇಕು. ಕರೂರು ಮೈಸೂರಿಗೆ ಸೇರಬೇಕು. ಒಬ್ಬರ ಮೇಲೆ ಪರರು ದಂಡೆತ್ತಿ ಬಂದರೆ ಇನ್ನೊಬ್ಬರು ನೆರವಾಗಬೇಕು. ಈ ಕೊನೆಯ ಕರಾರಿಗಾಗಿಯೇ ಹೈದರ ಇಷ್ಟೆಲ್ಲ ಮಾಡಿದನೆಂದರೂ ತಪ್ಪಾಗದು, ಏಕೆಂದರೆ ಅವನ ನಿಜವಾದ ಅಂಜಿಕೆ ಮರಾಠರದು. ಅಂಜಿಸಿ ಪಡೆದ ಸಹಿ ಅಂಜಿಕೆ ಇರುವಷ್ಟು ಕಾಲ ಬಾಳುತ್ತದೆಯೆಂಬುದನ್ನು ಅವನು ಎಣಿಸಲಿಲ್ಲವೋ, ಎಣಿಸಿಯೂ ಬೇರೆ ದಾರಿ ಕಾಣಲಿಲ್ಲವೋ. ಎರಡು ವರ್ಷದೊಳಗೆ ಪೇಶ್ವೆ ಮಾಧವರಾಯನ ಮರಾಠಾ ದಂಡು ಮೈಸೂರನ್ನು ತುಳಿಯಿತು. ೧೭೭೧ರ ಮಾರ್ಚಿನಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಹೈದರನ ಸೈನ್ಯ ನುಚ್ಚುನೂರಾಯಿತು. ಕರಾರಿನಂತೆ ಮೈಸೂರು ಮದರಾಸಿನ ನೆರವನ್ನು ಕೇಳಿತು. ಒಬ್ಬ ಸಿಪಾಯಿಯೂ ಬರಲಿಲ್ಲ. ಆಗ ಕೋಟೆಯಲ್ಲಿ ಗವರ್ನರನ ಪೀಠದಲ್ಲಿದ್ದವನು ಪರಂಗಿಮಲೆಗೆ ಸಂಧಿ ಮಾಡಲು ಬಂದಿದ್ದ ಅದೇ ಡುಪ್ರೆ.