ಕಬ್ಬಿಣದ ಕಾವಲಿಯೂ ತುಕ್ಕೂ

ಶುಚಿತ್ವವು ಗೃಹಕ್ಕೆ ಭೂಷಣವೆಂಬದನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿರುವೆವು. ಆದರೆ ಯಾವದು ಕೊಳೆ, ಯಾವದು ಕೊಳೆಯಲ್ಲ ಎಂಬದನ್ನರಿಯದೆ ಮಾಡಿದ ಶುಚಿತ್ವವು ಕೆಲವು ಸಾರಿ ಹಾನಿಯನ್ನೇ ತರುವದು. ಇದನ್ನು ನಾವು ಒಂದು ಮಳೆಗಾಲದಲ್ಲಿ ಅಜ್ಜಿಯ ಮನೆಯಲ್ಲಿ ಕಲಿತೆವು. ಅವರು ಮದುವೆಯಾಗಿ ಬಂದಂದಿನಿಂದ ದೋಸೆ ಹೊಯ್ಯುತ್ತಿದ್ದ ಕಬ್ಬಿಣದ ಕಾವಲಿಯು ಕರ್ರಗಿರುವದನ್ನು ಕಂಡು, ಅವರಿಗೆ ಉಪಕಾರ ಮಾಡುವೆವೆಂದೆಣಿಸಿ, ರಾತ್ರಿ ಅದನ್ನು ಮರಳಿನಿಂದಲೂ ಬೂದಿಯಿಂದಲೂ ಬೆಳ್ಳಗಾಗುವ ತನಕ ತಿಕ್ಕಿ, ನೀರಿಳಿಯುತ್ತಿರುವಾಗಲೇ ಗೋಡೆಗೆ ಒರಗಿಸಿ ಮಲಗಿದೆವು. ಬೆಳಗಾಗುವಷ್ಟರಲ್ಲಿ ಅದು ಕಾವಿ ಬಳಿದಂತೆ ಕೆಂಪಾಗಿತ್ತು. ಹೊಯ್ದ ದೋಸೆಯು ಏಳದೆ ಹರಿದುಹೋಯಿತು. ಅಜ್ಜಿಯು ಗದರಿಸಲಿಲ್ಲ. “ಮಕ್ಕಳೇ, ಅದು ಕೊಳೆಯಲ್ಲ. ಕಾವಲಿ ಹಾಗೆ ಪಳಗಲಿಕ್ಕೆ ಎಷ್ಟು ವರ್ಷ ಬೇಕಾಯಿತು, ಗೊತ್ತುಂಟೋ?” ಎಂದಷ್ಟೇ ಹೇಳಿದರು.

ಹಾಗಾದರೆ ತುಕ್ಕು ಎಂದರೇನು? ಕಬ್ಬಿಣವು ನೀರಿನೊಡನೆಯೂ ಗಾಳಿಯಲ್ಲಿರುವ ಆಮ್ಲಜನಕದೊಡನೆಯೂ ಕೂಡಿ ಆಗುವ ಕೆಂಗಂದು ಪುಡಿಯೇ ತುಕ್ಕು. ನೀರು, ಗಾಳಿ ಇವೆರಡೂ ಇದ್ದ ಹೊರತು ಅದು ಹುಟ್ಟದು. ಇದನ್ನು ಪಾಠಶಾಲೆಯಲ್ಲಿ ಮೂರು ಗಾಜಿನ ನಳಿಗೆಗಳಿಂದ ಸುಲಭವಾಗಿ ತೋರಿಸಬಹುದು. ಒಂದರಲ್ಲಿ ಮೊಳೆಗಳನ್ನು ಸಾಧಾರಣ ನೀರಿನಲ್ಲಿ ಅರ್ಧ ಮುಳುಗಿಸಿಡಬೇಕು. ಎರಡನೆಯದರಲ್ಲಿ, ಚೆನ್ನಾಗಿ ಕುದಿಸಿ ಗಾಳಿಯನ್ನು ಹೊರಡಿಸಿದ ನೀರಿನಲ್ಲಿ ಮೊಳೆಗಳನ್ನು ಪೂರ್ಣ ಮುಳುಗಿಸಿ, ಮೇಲೆ ಎಣ್ಣೆ ಹೊಯ್ಯಬೇಕು. ಮೂರನೆಯದರಲ್ಲಿ ತೇವವನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡನ್ನು ಹಾಕಿ, ಒಣ ಮೊಳೆಗಳನ್ನಿಟ್ಟು ಬಿರಡೆ ಬಿಗಿಯಬೇಕು. ಕೆಲವು ದಿನಗಳಾದ ಮೇಲೆ ಮೊದಲನೆಯ ನಳಿಗೆಯ ಮೊಳೆಗಳು ಮಾತ್ರ ತುಕ್ಕು ಹಿಡಿದಿರುವವು.

ಉಪ್ಪು ಈ ಕಾರ್ಯವನ್ನು ತ್ವರೆಪಡಿಸುವದು. ಆದುದರಿಂದಲೇ ಕಡಲಕರೆಯ ಊರುಗಳಲ್ಲಿ ಕಬ್ಬಿಣವು ಬೇಗನೆ ಕೆಡುವದು. ಅಲ್ಯೂಮಿನಿಯಮ್ ಪಾತ್ರೆಯ ಮೇಲೆಯೂ ಗಾಳಿಯಿಂದ ಒಂದು ಪೊರೆ ಉಂಟಾಗುವದಾದರೂ ಅದು ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುವದು. ಕಬ್ಬಿಣದ ತುಕ್ಕಾದರೋ ಸಡಿಲವಾಗಿ ಉದುರಿ, ನೀರಿಗೂ ಗಾಳಿಗೂ ಒಳದಾರಿಯನ್ನು ಬಿಡುತ್ತಾ ಹೋಗುವದು.

ಅಜ್ಜಿಯ ಕಾವಲಿಯ ಮೇಲಿದ್ದ ಕಪ್ಪು ಈ ದಾರಿಯನ್ನು ಮುಚ್ಚಿತ್ತು. ತೆಳ್ಳಗೆ ಸವರಿದ ಎಣ್ಣೆಯು ಬಿಸಿಯಾದ ಕಬ್ಬಿಣದ ಮೇಲೆ ಆಮ್ಲಜನಕದ ಸಹಾಯದಿಂದ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪೊರೆಯಾಗುವದು. ದಿನದಿನವೂ ದೋಸೆ ಹೊಯ್ಯುವಾಗ ಕೊಯ್ದ ನೀರುಳ್ಳಿಯನ್ನು ಎಣ್ಣೆಯಲ್ಲದ್ದಿ ಉಜ್ಜುವದರಿಂದ ಪೊರೆಯ ಮೇಲೆ ಪೊರೆ ಕೂಡುತ್ತದೆ. ಇದಕ್ಕೆ ಅಗಸೆ, ಎಳ್ಳು ಮುಂತಾದ ಎಣ್ಣೆಗಳು ಉತ್ತಮ. ತೆಂಗಿನೆಣ್ಣೆಯು ಹಾಗೆ ಸುಲಭವಾಗಿ ಗಟ್ಟಿಯಾಗದು. ಆದರೂ ತೇವವನ್ನು ತಡೆಯುವದಕ್ಕೆ ಅದನ್ನು ಸವರಿಡಬಹುದು.

ತುಕ್ಕು ಹಿಡಿದ ಕಾವಲಿಯನ್ನು ಎಸೆಯಬೇಕಾಗಿಲ್ಲ. ಅಜ್ಜಿಯು ನಮ್ಮ ಕೈಯಿಂದಲೇ ಅದನ್ನು ಸರಿಮಾಡಿಸಿದರು. ಮೊದಲು ಹುಣಿಸೆಹಣ್ಣಿನಿಂದಲೂ ತೆಂಗಿನ ನಾರಿನಿಂದಲೂ ತುಕ್ಕನ್ನು ತಿಕ್ಕಿ ತೆಗೆದೆವು. ಹುಣಿಸೆಯ ಹುಳಿಯು ತುಕ್ಕನ್ನು ಕರಗಿಸುವದು. ಚೆನ್ನಾಗಿ ತೊಳೆದು, ಒರೆಸಿ, ಒಲೆಯ ಮೇಲಿಟ್ಟು ತೇವವೆಲ್ಲ ಆರುವ ತನಕ ಕಾಯಿಸಿದೆವು. ಬಳಿಕ ಎಣ್ಣೆ ಸವರಿ, ಎಣ್ಣೆಯೇ ಇಲ್ಲವೆಂದು ತೋರುವಷ್ಟು ಒರೆಸಿ, ಹೊಗೆಯೇಳುವ ತನಕ ಕಾಯಿಸಿ ಆರಿಸಿದೆವು. ಹೀಗೆ ನಾಲ್ಕೈದು ಸಾರಿ ಮಾಡಬೇಕಾಯಿತು. ಎಣ್ಣೆಯು ಹೆಚ್ಚಾದರೆ ಪೊರೆಯಾಗದೆ ಜಿಗುಟಾಗಿ ನಿಲ್ಲುವದು. ಹೊಗೆಯು ಹೊರಗೆ ಹೋಗುವಂತೆ ಕಿಟಿಕಿಗಳನ್ನು ತೆರೆದಿಡುವದು ಅವಶ್ಯ.

ಕಾವಲಿ, ಬಾಣಲೆ, ಈಳಿಗೆಮಣೆಯ ಅಲಗು, ತುರಿಮಣೆ ಇವೆಲ್ಲಕ್ಕೂ ನಿಯಮ ಒಂದೇ: ತೊಳೆದೊಡನೆ ಒರೆಸಿ ಒಣಗಿಸುವದು, ಒಣಗಿದೊಡನೆ ತುಸು ಎಣ್ಣೆ ಸವರುವದು. ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಡಬಾರದು. ಒದ್ದೆಬಟ್ಟೆಯಲ್ಲಿ ಸುತ್ತಿಡಬಾರದು. ಪಳಗಿದ ಬಾಣಲೆಯಲ್ಲಿ ಹುಳಿಯನ್ನು ಬಹಳ ಹೊತ್ತು ಕುದಿಸಬಾರದು, ಯಾಕಂದರೆ ಹುಳಿಯು ಪೊರೆಯನ್ನು ತಿನ್ನುವದು. ಮಾವಿನಕಾಯಿಯನ್ನಾಗಲಿ ನಿಂಬೆಯನ್ನಾಗಲಿ ಕೊಯ್ದ ಅಲಗನ್ನು ಆಗಲೇ ತೊಳೆದು ಒರೆಸಬೇಕು.

ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯವರು ೧೯೧೩ರಲ್ಲಿ ಕ್ರೋಮಿಯಮ್ ಬೆರೆತ, ತುಕ್ಕು ಹಿಡಿಯದ ಉಕ್ಕನ್ನು ಸಿದ್ಧಪಡಿಸಿದರು. ಈಗ ಅಡಿಗೆಮನೆಗಳಲ್ಲಿ ಸ್ಟೀಲೆಂದು ಕರೆಯಲ್ಪಡುವ ಪಾತ್ರೆಗಳು ಆ ಜಾತಿಯವು. ಅವುಗಳಲ್ಲಿ ನೂರಕ್ಕೆ ಸುಮಾರು ೧೦.೫ ಪಾಲಿಗೆ ಕಡಿಮೆಯಿಲ್ಲದ ಕ್ರೋಮಿಯಮ್ ಇದ್ದು, ಅದೇ ಕಾಣದಷ್ಟು ತೆಳ್ಳಗಿನ ಪೊರೆಯಾಗಿ ಲೋಹವನ್ನು ಕಾಯುವದು. ಬರಿಯ ಕಬ್ಬಿಣಕ್ಕಾದರೋ ಆ ಪೊರೆಯನ್ನು ನಮ್ಮ ಕೈಗಳೇ ಒದಗಿಸಬೇಕು.

ಅಜ್ಜಿಯ ಕಾವಲಿಯಿಂದ ಮುಂಚಿನಂತೆ ದೋಸೆಯು ಸಲೀಸಾಗಿ ಏಳುವದಕ್ಕೆ ಆ ಮಳೆಗಾಲವೇ ಕಳೆಯಬೇಕಾಯಿತು. ನಾವು ಕೆಡಿಸಿದ್ದು ಒಂದು ರಾತ್ರಿಯಲ್ಲಿ. ಆದುದರಿಂದ ಪ್ರಿಯ ಸೋದರಿಯರೇ, ಹಿರಿಯರ ಅಡಿಗೆಮನೆಯಲ್ಲಿ ಯಾವದಾದರೊಂದು ವಸ್ತುವು ಕಪ್ಪಾಗಿ ಕಂಡರೆ, ಅದನ್ನು ತಿಕ್ಕುವದಕ್ಕೆ ಮುಂಚೆ ಒಂದು ಮಾತು ಕೇಳಿರಿ.