ಪದದ ತಲೆ ನೋಡಿ ಅರ್ಥ ಹೇಳಬಹುದೇ?

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರ ಹಿರೇನಲ್ಲೂರು. ಆ ಹೆಸರನ್ನೇ ಬಿಡಿಸಿ ನೋಡಿ. ‘ಹಿರೇ’ ಎಂದರೆ ಹಿರಿಯದು, ದೊಡ್ಡದು. ‘ನಲ್ಲೂರು’ ಎಂಬುದನ್ನು ನಲ್ ಮತ್ತು ಊರು ಎಂದು ಬಿಡಿಸಿದರೆ ಒಳ್ಳೆಯ ಊರು. ಹಳಗನ್ನಡದ ಈ ‘ನಲ್’ ನಲ್ಮೆಯಲ್ಲಿದೆ, ನಲ್ಲ–ನಲ್ಲೆಯರಲ್ಲಿದೆ. ಆದರೆ ಬೀದಿಯ ನಲ್ಲಿಯಲ್ಲಿ ಇಲ್ಲ, ನಲವತ್ತರಲ್ಲೂ ಇಲ್ಲ. ನೀರು ಬರುವ ಕೊಳವೆಯ ‘ನಳ’ದಿಂದ ನಲ್ಲಿ ಬಂತು, ನಾಲ್ಕು ಹತ್ತು ಸೇರಿ ನಲವತ್ತಾಯಿತು. ಮೊದಲಿನ ಅಕ್ಷರಗಳು ಒಂದೇ, ಬೇರುಗಳು ಮಾತ್ರ ಬೇರೆ ಬೇರೆ.

ಕನ್ನಡದಲ್ಲಿ ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಜ್ಞಾನ, ಅನ್ಯಾಯ ಎಂಬಲ್ಲಿ ‘ಅ’ ಇಲ್ಲವೆನ್ನುತ್ತದೆ. ಅಕ್ಕಿ, ಅಡಿಕೆ, ಅಜ್ಜಂಪುರ ಎಂಬಲ್ಲಿ ಹಾಗೆನ್ನುವುದಿಲ್ಲ. ಆರು ವರ್ಷದ ಮಗುವೂ ಇಲ್ಲಿ ತಪ್ಪುವುದಿಲ್ಲ. ಅದೇ ಮಗು ಇಂಗ್ಲಿಷಿಗೆ ಬಂದಾಗ ಎಡವುತ್ತದೆ. 2007–08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಕಲಿಕೆ ಬೇಗ ಶುರುವಾದರೂ ‘ಈ ಅಕ್ಷರ ಬಂದರೆ ಈ ಅರ್ಥ’ ಎಂಬ ಅಡ್ಡದಾರಿಯ ಸೂತ್ರಗಳು ಹೋಗಿಲ್ಲ. ಅಂಥ ಸೂತ್ರಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ತಪ್ಪು ಕಲ್ಪನೆ 1: ‘ಇನ್’ ಎಂದು ಶುರುವಾದರೆ ‘ಅಲ್ಲ’ ಎಂದರ್ಥ

ಸತ್ಯ: ಕೆಲವು ಕಡೆ ಮಾತ್ರ. ಕಡೂರಿನಿಂದ ಬೀರೂರು, ತರೀಕೆರೆ ಕಡೆಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಸಾಗುವ ಪೆಟ್ರೋಲ್ ಟ್ಯಾಂಕರುಗಳ ಹಿಂಬದಿ ನೋಡಿ. ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಫ್ಲೇಮ್ ಎಂದರೆ ಜ್ವಾಲೆ, ‘ಇನ್’ ಎಂದರೆ ಅಲ್ಲ, ಆದ್ದರಿಂದ ಇದು ಹೊತ್ತಿಕೊಳ್ಳದ ವಸ್ತು ಎಂದು ಸೂತ್ರ ಹಿಡಿದವರು ಓದುತ್ತಾರೆ. ನಿಜವಾದ ಅರ್ಥ ಅದಕ್ಕೆ ತೀರ ಎದುರು: ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದ್ದು. ಲ್ಯಾಟಿನ್ ಭಾಷೆಯಲ್ಲಿ ಎರಡು ‘ಇನ್’ ಇದ್ದವು. ಒಂದು ನಿಷೇಧದ್ದು, ಇನ್ನೊಂದು ‘ಒಳಗೆ, ಒಳಕ್ಕೆ’ ಎಂಬರ್ಥದ್ದು. ಇನ್‌ಫ್ಲೇಮಬಲ್ ಎಂಬಲ್ಲಿರುವುದು ಎರಡನೆಯದು. ಬೆಂಕಿ ಹೊತ್ತಿಸು ಎಂಬ ಲ್ಯಾಟಿನ್ ಕ್ರಿಯಾಪದದಿಂದ ಅದು ಬಂದಿದೆ. ಈ ಗೊಂದಲದಿಂದ ಜೀವಹಾನಿಯಾಗಬಹುದೆಂದೇ ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘ 1920ರ ದಶಕದಲ್ಲಿ ‘ಇನ್’ ಬಿಟ್ಟು ‘ಫ್ಲೇಮಬಲ್’ ಎಂದಷ್ಟೇ ಬಳಸಿ ಎಂದು ಒತ್ತಾಯಿಸಿತು. ಎರಡೂ ಪದಗಳು ಇಂದಿಗೂ ಉಳಿದಿವೆ, ಎರಡಕ್ಕೂ ಒಂದೇ ಅರ್ಥ.

ನಿಷೇಧದ ‘ಇನ್’ ನಿಜವಾಗಿಯೇ ಇದ್ದಾಗಲೂ ಅರ್ಥ ತಲೆಕೆಳಗಾಗಬೇಕೆಂದಿಲ್ಲ. ‘ವ್ಯಾಲ್ಯುಯಬಲ್’ ಎಂದರೆ ಬೆಲೆಬಾಳುವಂಥದ್ದು. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆ ಕಟ್ಟಲಾಗದಷ್ಟು ದೊಡ್ಡದು. ನಮ್ಮ ‘ಅಮೂಲ್ಯ’ವೂ ಹೀಗೆಯೇ ಹುಟ್ಟಿದ ಪದ. ಮೂಲ್ಯವಿಲ್ಲದ್ದು ಎಂದು ಅದನ್ನು ನಾವು ಯಾರೂ ಓದುವುದಿಲ್ಲ.

ಇದೇ ನಿಷೇಧದ ‘ಇನ್’ ಮುಂದಿನ ಅಕ್ಷರ ನೋಡಿ ರೂಪ ಬದಲಿಸುತ್ತದೆ: ಇಂಪಾಸಿಬಲ್, ಇಲ್ಲೀಗಲ್, ಇರ್‍ರೆಗ್ಯುಲರ್. ಇದು ಸಂಧಿಕಾರ್ಯ. ದುರ್ಗುಣ, ದುಶ್ಚಟ, ದುಷ್ಕೃತ್ಯ ಎಂಬಲ್ಲಿ ‘ದುಸ್’ ಹೇಗೆ ವೇಷ ಬದಲಿಸುತ್ತದೆಯೋ ಹಾಗೆ. ಸಂಧಿ ಓದಿದ ಕನ್ನಡದ ವಿದ್ಯಾರ್ಥಿಗೆ ಇವು ನಾಲ್ಕು ಬೇರೆ ಬೇರೆ ಪೂರ್ವಪ್ರತ್ಯಯಗಳಲ್ಲ, ಒಂದೇ ಎಂದು ಹೇಳಿದರೆ ಸಾಕು, ಮರೆಯುವುದಿಲ್ಲ. ಸಂಸ್ಕೃತದ ‘ಅ’, ‘ಅನ್’, ಲ್ಯಾಟಿನ್ನಿನ ನಿಷೇಧದ ‘ಇನ್’, ಇಂಗ್ಲಿಷಿನ ‘ಅನ್’ ಒಂದೇ ಮೂಲದ ಒಡಹುಟ್ಟುಗಳೆಂಬುದನ್ನೂ ತರಗತಿಯಲ್ಲಿ ಹೇಳಬೇಕು.

ತಪ್ಪು ಕಲ್ಪನೆ 2: ಒಂದೇ ರೀತಿ ಕೇಳಿದರೆ ಒಂದೇ ಪೂರ್ವಪ್ರತ್ಯಯ

ಸತ್ಯ: ‘ಆಂಟಿ’ಯನ್ನೇ ತೆಗೆದುಕೊಳ್ಳಿ. ಆಂಟಿಬಯಾಟಿಕ್, ಆಂಟಿಸೆಪ್ಟಿಕ್ ಎಂಬಲ್ಲಿ ಅದು ಗ್ರೀಕ್ ಮೂಲದ್ದು, ‘ವಿರುದ್ಧ’ ಎಂದರ್ಥ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ತಪಾಸಣೆಯನ್ನು ಎ.ಎನ್.ಸಿ. ಎನ್ನುತ್ತಾರೆ. ಅದರ ‘ಆಂಟಿನೇಟಲ್’ ಹೆರಿಗೆಗೆ ವಿರುದ್ಧವಾದದ್ದಲ್ಲ. ‘ಹೆರಿಗೆಗೆ ಮುಂಚಿನ’ ಎಂದರ್ಥ. ಇದು ಲ್ಯಾಟಿನ್ ಮೂಲದ್ದು, ಸ್ಪೆಲ್ಲಿಂಗಿನಲ್ಲಿ ‘ಐ’ ಬದಲು ‘ಇ’ ಇರುತ್ತದೆ. ಗಡಿಯಾರದ ಎ.ಎಂ. ಎಂಬ ಎರಡಕ್ಷರದಲ್ಲಿರುವುದೂ ಇದೇ, ಮಧ್ಯಾಹ್ನಕ್ಕೆ ಮುಂಚೆ. ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ‘ಆಂಟಿ’ಯೇ ಆಗಿ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಸ್ಪೆಲ್ಲಿಂಗ್ ನೋಡಿದರೆ ಸಾಕೇ ಎಂದರೆ ಅದೂ ಸಾಲದು. ಪತ್ರಿಕೆಗಳಲ್ಲಿ ಓದುವ ‘ಆಂಟಿಸಿಪೇಟರಿ ಬೇಲ್’ನಲ್ಲಿ ‘ಐ’ ಇದೆ. ಆದರೂ ಅದು ‘ಮುಂಚೆ’ ಎಂಬ ಲ್ಯಾಟಿನ್ ಮೂಲದಿಂದಲೇ ಬಂದದ್ದು. ಬಂಧನಕ್ಕೆ ಮುಂಚೆಯೇ ಕೇಳುವ ಜಾಮೀನು, ಕನ್ನಡದಲ್ಲಿ ನಿರೀಕ್ಷಣಾ ಜಾಮೀನು. ಜಾಮೀನಿಗೆ ವಿರುದ್ಧವೆಂದು ಓದಿದರೆ ಸುದ್ದಿಯೇ ತಿರುಚಿಹೋಗುತ್ತದೆ.

‘ಪಿ-ಇ-ಡಿ’ ಎಂಬ ಮೂರಕ್ಷರಗಳೂ ಹೀಗೆಯೇ. ಪೆಡಲ್, ಪೆಡೆಸ್ಟ್ರಿಯನ್, ಪೆಡಿಕ್ಯೂರ್ ಎಂಬಲ್ಲಿ ಅದು ಕಾಲು. ನಮ್ಮ ‘ಪಾದ’ಕ್ಕೂ ಅದಕ್ಕೂ ಒಂದೇ ಮೂಲ. ಆದರೆ ಆಸ್ಪತ್ರೆಯ ಬೋರ್ಡಿನ ‘ಪೀಡಿಯಾಟ್ರಿಷಿಯನ್’ ಕಾಲಿನ ವೈದ್ಯರಲ್ಲ, ಮಕ್ಕಳ ವೈದ್ಯರು. ಅಲ್ಲಿರುವುದು ಮಗು ಎಂಬರ್ಥದ ಗ್ರೀಕ್ ಪದ. ಬ್ರಿಟಿಷ್ ಸ್ಪೆಲ್ಲಿಂಗಿನಲ್ಲಿ ನಡುವೆ ಒಂದು ‘ಎ’ ಇದ್ದು ಗುರುತು ಹಿಡಿಯಬಹುದು, ಅಮೆರಿಕನ್ ಸ್ಪೆಲ್ಲಿಂಗಿನಲ್ಲಿ ಅದೂ ಇಲ್ಲ.

ಇನ್ನು ‘ಪೋಸ್ಟ್’. ಪೋಸ್ಟ್‌ಮಾರ್ಟಮ್, ಪೋಸ್ಟ್ ಗ್ರಾಜುಯೇಟ್ ಎಂಬಲ್ಲಿ ‘ಆಮೇಲಿನ’ ಎಂದರ್ಥ. ಹಳ್ಳಿಯ ಪೋಸ್ಟಾಫೀಸಿನ ಪೋಸ್ಟ್ ಬೇರೆ. ಹಿಂದೆ ಯೂರೋಪಿನಲ್ಲಿ ಪತ್ರ ಒಯ್ಯುವ ಸವಾರರನ್ನು ದಾರಿಯುದ್ದಕ್ಕೂ ಅಲ್ಲಲ್ಲಿ ‘ಇರಿಸುತ್ತಿದ್ದರು’. ಆ ಇರಿಸುವಿಕೆಯಿಂದ ಅಂಚೆಗೆ ಆ ಹೆಸರು ಬಂತು. ಲೈಟ್ ಪೋಸ್ಟಿನದು ಕಂಬ ಎಂಬರ್ಥದ ಮೂರನೆಯ ಲ್ಯಾಟಿನ್ ಪದ. ಒಂದೇ ಸ್ಪೆಲ್ಲಿಂಗ್, ಒಂದೇ ಉಚ್ಚಾರ, ಮೂರು ಹುಟ್ಟು. ಇಲ್ಲಿ ಕಣ್ಣೂ ಕಿವಿಯೂ ನೆರವಾಗುವುದಿಲ್ಲ. ಪದ ಯಾವ ವಾಕ್ಯದಲ್ಲಿದೆ ಎಂಬುದೇ ಅರ್ಥ ಹೇಳುತ್ತದೆ.

ತಪ್ಪು ಕಲ್ಪನೆ 3: ಅರ್ಧ ಪದ ಒಂದೇ ಇದ್ದರೆ ಅವು ಸಮಾನಾರ್ಥಕಗಳು

ಸತ್ಯ: ಒಂದೇ ಬೇರಿನ ಪದಗಳೂ ಬಳಕೆಯಲ್ಲಿ ದೂರ ಸರಿದಿರುತ್ತವೆ. ‘ಎಕನಾಮಿಕ್’ ಎಂದರೆ ಆರ್ಥಿಕ. ‘ಎಕನಾಮಿಕಲ್’ ಎಂದರೆ ಖರ್ಚು ಕಡಿಮೆಯಾಗುವಂಥದ್ದು. ‘ಸೆನ್ಸಿಬಲ್’ ಎಂದರೆ ವಿವೇಕವುಳ್ಳ. ‘ಸೆನ್ಸಿಟಿವ್’ ಎಂದರೆ ಸೂಕ್ಷ್ಮ. ‘ಇಂಡಸ್ಟ್ರಿಯಲ್’ ಕೈಗಾರಿಕೆಗೆ ಸಂಬಂಧಿಸಿದ್ದು. ‘ಇಂಡಸ್ಟ್ರಿಯಸ್’ ಶ್ರಮಜೀವಿಯ ಗುಣ. ‘ಹಿಸ್ಟಾರಿಕಲ್’ ಚರಿತ್ರೆಗೆ ಸೇರಿದ ಯಾವುದಕ್ಕೂ ಸಲ್ಲುತ್ತದೆ; ‘ಹಿಸ್ಟಾರಿಕ್’ ಚರಿತ್ರೆಯಲ್ಲಿ ಉಳಿಯುವಂಥ ಘಟನೆಗಷ್ಟೇ.

ಈ ತಪ್ಪು ಪರೀಕ್ಷೆಯ ಒಂದು ಅಂಕದಲ್ಲಿ ಮುಗಿಯುವುದಿಲ್ಲ. ಅರ್ಜಿಯ ಕೊನೆಯಲ್ಲಿ ‘ಗೌರವಪೂರ್ವಕವಾಗಿ’ ಎನ್ನಲು ‘ರೆಸ್ಪೆಕ್ಟ್‌ಫುಲಿ’ ಬೇಕು. ‘ರೆಸ್ಪೆಕ್ಟಿವ್ಲಿ’ ಎಂದು ಬರೆದರೆ ‘ಅನುಕ್ರಮವಾಗಿ’ ಎಂದಾಗುತ್ತದೆ. ಪೌತಿ ಖಾತೆಗೆ ಸಂಬಂಧಿಸಿದ ಇಂಗ್ಲಿಷ್ ಕಾಗದದಲ್ಲಿ ‘ಡಿಸೀಸ್ಡ್’ ಎಂದಿದ್ದರೆ ಮೃತರು. ಅದನ್ನು ‘ಡಿಸೀಜ್ಡ್’ ಎಂದು ತಿಳಿದರೆ ಕಾಯಿಲೆ ಬಿದ್ದವರು ಎಂದಾಗುತ್ತದೆ. ಸಾಲದ ಪತ್ರದಲ್ಲಿ ‘ಪ್ರಿನ್ಸಿಪಲ್’ ಎಂದರೆ ಅಸಲು; ಕಾಲೇಜಿನ ಪ್ರಿನ್ಸಿಪಾಲರದೂ ಅದೇ ಪದ, ಏಕೆಂದರೆ ಎರಡೂ ಕಡೆ ಅದು ಮುಖ್ಯವಾದದ್ದನ್ನು ಹೇಳುತ್ತದೆ. ಕೇಳಲು ಹಾಗೆಯೇ ಇರುವ, ತುದಿಯ ಸ್ಪೆಲ್ಲಿಂಗ್ ಮಾತ್ರ ಬದಲಾದ ಇನ್ನೊಂದು ಪದಕ್ಕೆ ತತ್ತ್ವ ಎಂದರ್ಥ.

ಕನ್ನಡದಲ್ಲಿ ಅನುಮಾನ, ಅನುಮತಿ, ಅನುಭವ, ಅನುಕೂಲ ಎಂಬ ಪದಗಳನ್ನು ಸಮಾನಾರ್ಥಕಗಳೆಂದು ಯಾರಾದರೂ ಬರೆದಾರೆಯೇ? ‘ಹಾರ’ದ ಹಿಂದೆ ಉಪಸರ್ಗ ಬದಲಾದಂತೆ ಆಹಾರ, ವಿಹಾರ, ಸಂಹಾರ, ಪರಿಹಾರ, ಪ್ರಹಾರ ಎಂದು ಅರ್ಥ ಎಲ್ಲಿಂದೆಲ್ಲಿಗೋ ಹೋಗುವುದನ್ನು ನಮ್ಮ ವ್ಯಾಕರಣ ಪಾಠಗಳು ಬಹಳ ಕಾಲದಿಂದ ತೋರಿಸುತ್ತ ಬಂದಿವೆ. ಇಂಗ್ಲಿಷಿಗೂ ಅದೇ ಎಚ್ಚರ ಸಾಕು.

ತಪ್ಪು ಕಲ್ಪನೆ 4: ಡಿಕ್ಷನರಿಯ ಒಂದೇ ಪುಟದಲ್ಲಿರುವ ಪದಗಳು ನೆಂಟರು

ಸತ್ಯ: ಅಕಾರಾದಿ ಕ್ರಮ ಹುಡುಕುವವರ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು, ಅಷ್ಟೇ. ಶಿವಮೊಗ್ಗದ ರೈಲುಮಾರ್ಗ ಕವಲೊಡೆಯುವ ಬೀರೂರು ಒಂದು ಜಂಕ್ಷನ್. ಆ ಪದ ‘ಜೆ-ಯು-ಎನ್’ ಎಂದು ಶುರುವಾಗುತ್ತದೆ. ಜೂನ್, ಜೂನಿಯರ್, ಜಂಗಲ್ ಪದಗಳ ಆರಂಭವೂ ಅದೇ. ಜಂಕ್ಷನ್ ಎಂಬುದು ಕೂಡಿಸು ಎಂಬ ಲ್ಯಾಟಿನ್ ಧಾತುವಿನಿಂದ ಬಂದು ನಮ್ಮ ‘ಯೋಗ’ಕ್ಕೆ ದಾಯಾದಿಯಾಗಿದೆ. ಜೂನಿಯರ್ ಎಂಬುದು ‘ಯುವ’ಕ್ಕೆ ದಾಯಾದಿ. ಜೂನ್ ತಿಂಗಳಿಗೆ ರೋಮನ್ನರ ದೇವತೆ ಜೂನೋಳ ಹೆಸರು. ಜಂಗಲ್ ಎಂಬುದು ಸಂಸ್ಕೃತದ ‘ಜಾಂಗಲ’ದಿಂದ ಹಿಂದಿಯ ಮೂಲಕ ಇಂಗ್ಲಿಷಿಗೆ ಹೋದ ನಮ್ಮದೇ ನೆಲದ ಪದ. ಅಕ್ಕಪಕ್ಕ ಕೂತ ನಾಲ್ಕು ಪದಗಳು, ನಾಲ್ಕು ದಿಕ್ಕಿನಿಂದ ಬಂದವು.

1604ರಲ್ಲಿ ರಾಬರ್ಟ್ ಕಾಡ್ರಿ ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ ಮೊದಲ ನಿಘಂಟನ್ನು ಪ್ರಕಟಿಸಿದಾಗ, ಪದ ಹುಡುಕಬೇಕಾದರೆ ಅಕ್ಷರಗಳ ಕ್ರಮ ಗೊತ್ತಿರಬೇಕು ಎಂದು ಓದುಗರಿಗೆ ಮೊದಲು ವಿವರಿಸಬೇಕಾಯಿತು. ಆ ಕ್ರಮ ಆಗಿನವರಿಗೆ ಅಷ್ಟು ಹೊಸದು. ನಮ್ಮಲ್ಲಿ ತಲೆಮಾರುಗಳು ಕಂಠಪಾಠ ಮಾಡಿದ ಅಮರಕೋಶ ಪದಗಳನ್ನು ಸ್ವರ್ಗ, ವ್ಯೋಮ, ದಿಕ್ಕು, ಕಾಲ ಎಂದು ವಿಷಯವಾರು ವರ್ಗಗಳಲ್ಲಿ ಇಟ್ಟಿತು. ‘ಹರಿ’ ಎಂದರೆ ವಿಷ್ಣು, ಸಿಂಹ, ಕಪಿ, ಕುದುರೆ, ಸೂರ್ಯ ಎಂಬಂತೆ ಹಲವು ಅರ್ಥಗಳುಳ್ಳ ಪದಗಳನ್ನು ನಾನಾರ್ಥ ವರ್ಗದಲ್ಲಿ ಕೊನೆಯ ವ್ಯಂಜನದ ಪ್ರಕಾರ ಜೋಡಿಸಿತು. ಇಂಗ್ಲಿಷಿನಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ಹೊರತಂದ ಸಮಾನಾರ್ಥಕ ಪದಕೋಶವೂ ಅಕ್ಷರಕ್ರಮ ಬಿಟ್ಟು ವಿಚಾರಗಳ ಪ್ರಕಾರ ಪದಗಳನ್ನು ಗುಂಪು ಮಾಡಿತು. ಪದಸಂಪತ್ತು ಬೆಳೆಸಬೇಕೆಂದಿರುವ ವಿದ್ಯಾರ್ಥಿ ಒಂದು ಅಕ್ಷರದ ಪಟ್ಟಿಯನ್ನು ಉರುಹೊಡೆಯುವ ಬದಲು ಮಳೆ, ಹೊಲ, ಬ್ಯಾಂಕು, ಆಸ್ಪತ್ರೆ ಎಂದು ವಿಷಯ ಹಿಡಿದು ಕಲಿಯಲಿ. ಅಮರಕೋಶದ ದಾರಿ ಇಂದಿಗೂ ಒಳ್ಳೆಯದು.

ತಪ್ಪು ಕಲ್ಪನೆ 5: ಹಾಗಾದರೆ ಮೊದಲ ಅಕ್ಷರಗಳಿಗೆ ಅರ್ಥವೇ ಇಲ್ಲ

ಸತ್ಯ: ಹೀಗೆಂದು ಎದುರು ತುದಿಗೆ ಹೋಗುವುದೂ ತಪ್ಪು. ಇಂಗ್ಲಿಷಿನಲ್ಲಿ ‘ಗ್ಲ’ ಎಂದು ಶುರುವಾಗುವ ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಮರ್ ಎಲ್ಲವೂ ಹೊಳಪಿನ ಪದಗಳು. ‘ಸ್ನ’ ಎಂದು ಶುರುವಾಗುವ ಸ್ನೀಜ್, ಸ್ನೋರ್, ಸ್ನಿಫ್, ಸ್ನೌಟ್ ಎಲ್ಲವೂ ಮೂಗಿಗೆ ಸಂಬಂಧಿಸಿದವು. ಇವು ವ್ಯಾಕರಣದ ಪೂರ್ವಪ್ರತ್ಯಯಗಳಲ್ಲ. ‘ಗ್ಲ’ ತೆಗೆದರೆ ಉಳಿಯುವುದಕ್ಕೆ ಅರ್ಥವಿಲ್ಲ. ಆದರೂ ಧ್ವನಿಗೂ ಭಾವಕ್ಕೂ ನಂಟಿದೆ. ಇಂಥ ಧ್ವನಿಗುಚ್ಛಗಳಿಗೆ ಬ್ರಿಟಿಷ್ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1930ರಲ್ಲಿ ‘ಫೋನೆಸ್ತೀಮ್’ ಎಂದು ಹೆಸರಿಟ್ಟರು.

ಕನ್ನಡದ ಕಿವಿಗೆ ಇದು ಹೊಸದಲ್ಲ. ಮಿಂಚು, ಮಿನುಗು, ಮಿಣುಕು, ಮಿರುಗು ಎಂದು ಸಾಲಾಗಿ ಹೇಳಿ ನೋಡಿ, ‘ಮಿ’ ಎಂದೊಡನೆ ಬೆಳಕು ಆಡುತ್ತದೆ. ಥಳಥಳ, ಮಿಣಮಿಣ, ಫಳಫಳ ಎಂಬ ಅನುಕರಣಾವ್ಯಯಗಳ ಸಿರಿ ನಮ್ಮ ಆಡುಮಾತಿನಲ್ಲಿ ಇಂದಿಗೂ ಬತ್ತಿಲ್ಲ. ಆದರೆ ಮಿಡತೆ, ಮಿದುಳು, ಎತ್ತು ಕಟ್ಟುವ ಮಿಣಿ ಇವುಗಳಲ್ಲಿ ಆ ಬೆಳಕಿಲ್ಲ. ಇಂಗ್ಲಿಷಿನ ‘ಗ್ಲವ್’ ಮತ್ತು ‘ಗ್ಲೂ’ಗಳಲ್ಲೂ ಇಲ್ಲ. ಮೊದಲ ಧ್ವನಿ ಒಂದು ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ತಪ್ಪು ಕಲ್ಪನೆ 6: ಸಮಾನಾರ್ಥಕ ಎಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದು

ಸತ್ಯ: ದನ ಸತ್ತಿತು ಎನ್ನುತ್ತೇವೆ, ಅಜ್ಜ ತೀರಿಕೊಂಡರು ಎನ್ನುತ್ತೇವೆ, ಯೋಧ ಹುತಾತ್ಮನಾದ, ಸ್ವಾಮಿಗಳು ಲಿಂಗೈಕ್ಯರಾದರು ಎನ್ನುತ್ತೇವೆ. ಅರ್ಥ ಒಂದೇ ಆದರೂ ಅದಲುಬದಲು ಮಾಡಿದರೆ ಕೇಳಿದವರ ಮನಸ್ಸು ನೋಯುತ್ತದೆ. ಇಂಗ್ಲಿಷಿನಲ್ಲೂ ‘ಚೈಲ್ಡ್‌ಲೈಕ್’ ಎಂದರೆ ಮಗುವಿನ ಮುಗ್ಧತೆಯ ಮೆಚ್ಚುಗೆ, ‘ಚೈಲ್ಡಿಷ್’ ಎಂದರೆ ಹುಡುಗಾಟಿಕೆಯ ಆಕ್ಷೇಪ. ಗೈಡುಗಳು ಇಂಥವನ್ನು ಒಂದೇ ಗೆರೆಯಲ್ಲಿ ಸಮ ಚಿಹ್ನೆ ಹಾಕಿ ಅಚ್ಚು ಮಾಡುತ್ತವೆ. ಆ ಚಿಹ್ನೆಯನ್ನು ನಂಬಬಾರದು.

ಹಾಗಾದರೆ ಏನು ಮಾಡಬೇಕು?

ಹೊಸ ಪದ ಎದುರಾದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು. ಮೊದಲಿನ ಅಕ್ಷರಗಳನ್ನು ತೆಗೆದರೆ ಉಳಿಯುವ ಭಾಗಕ್ಕೆ ಸ್ವಂತ ಅರ್ಥ ಇದೆಯೇ? ಈ ಪದ ಯಾವ ಭಾಷೆಯ ಯಾವ ಬೇರಿನಿಂದ ಬಂತು? ಎದುರಿಗಿರುವ ವಾಕ್ಯದಲ್ಲಿ ಅದು ಯಾವ ಕೆಲಸ ಮಾಡುತ್ತಿದೆ? ಮೊದಲ ಪ್ರಶ್ನೆಗೆ ಉತ್ತರ ತಾನೇ ಹುಡುಕಬಹುದು, ಎರಡನೆಯದಕ್ಕೆ ಒಳ್ಳೆಯ ನಿಘಂಟು ಬೇಕು, ಮೂರನೆಯದಕ್ಕೆ ಓದು ಬೇಕು.

ನಿಘಂಟುಗಳ ವಿಷಯದಲ್ಲಿ ಕನ್ನಡ ಬಡವಲ್ಲ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ಕೋಶವಿದೆ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಇದೆ. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಪದವನ್ನು ಹೇಗೆ ವಿಚಾರಿಸಬೇಕೆಂದು ಅವರು ನಾಡಿಗೇ ಪಾಠ ಹೇಳಿದಂತಾಯಿತು. ಹೋಬಳಿಯ ಪ್ರತಿ ಶಾಲೆಯಲ್ಲೂ ಮಕ್ಕಳ ಕೈಗೆ ಎಟಕುವ ಕಡೆ ಒಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು ಇರಬೇಕು, ಅದು ಬೀಗ ಹಾಕಿದ ಬೀರುವಿನೊಳಗೆ ಇರಬಾರದು.

ಕನ್ನಡ ಬಲ್ಲ ಮಗುವಿಗೆ ಇಂಗ್ಲಿಷ್ ಕಲಿಯಲು ಬೇಕಾದ ವಿವೇಕ ಆಗಲೇ ಇದೆ. ಸಂಧಿ, ಉಪಸರ್ಗ, ನಾನಾರ್ಥ, ಅನುಕರಣಾವ್ಯಯ ಎಲ್ಲವನ್ನೂ ಅದು ಕನ್ನಡದಲ್ಲೇ ಕಂಡಿರುತ್ತದೆ. ಇಂಗ್ಲಿಷ್ ಪೀರಿಯಡ್ ಬಂದಾಗ ಕನ್ನಡವನ್ನು ಹೊರಗಿಡದೆ, ಆ ಅರಿವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡುವ ಮೇಷ್ಟ್ರು, ಮೇಡಂ ಇದ್ದರೆ ಅಡ್ಡದಾರಿಯ ಸೂತ್ರಗಳ ಹಂಗು ಯಾರಿಗೂ ಬೇಡ.